ಹಿಂದಿನಿಂದ ಹೇಳು

ನಾನು ಅಂಕಿ ಓದುವವಳು.
ಸೆಕೆಂಡಿಗೊಂದರಂತೆ, ದನಿಯಲ್ಲಿ ಏರಿಳಿತವಿಲ್ಲದೆ:
ನಾಲ್ಕು, ಒಂಬತ್ತು, ಒಂದು, ಏಳು.
ಎದುರಿಗೆ ಕೂತ ಮಗು ಅದನ್ನು
ಹಿಂದಿನಿಂದ ಹೇಳಬೇಕು. ಅಷ್ಟೇ ಕೆಲಸ.
ವಾಲ್ದಿವಿಯಾದ ನದಿದಂಡೆ, ಹಳೇ ಕಟ್ಟಡದ ಮಹಡಿ,
ಸೌದೆಯ ಒಲೆ, ಕಿಟಕಿಯಾಚೆ ಮೀನುಪೇಟೆ,
ಎಸೆದ ತಲೆಗಳಿಗಾಗಿ ಕಾದಾಡುವ ಕಡಲಸಿಂಹಗಳು.

ಮಿಯರಾಯ್ ಕಾಯುಪಾನ್ ಮೊದಲು ಬಂದಾಗ ಹನ್ನೊಂದು.
ಮೊಣಕಾಲಿಗೆ ಪಟ್ಟಿ, ಜೇಬು ತುಂಬ ಬೇಯಿಸಿದ ಪಿನ್ಯೋನ್ ಬೀಜ.
ಏಳಂಕಿ ಕೊಟ್ಟೆ. ಏಳನ್ನೂ ತಿರುವಿ,
ಅಗಿಯುತ್ತಲೇ, ಮೇಜಿನ ಮೇಲೆ ಚೆಲ್ಲಿದಳು.
"ಇನ್ನೂ ಇದೆಯಾ?"
ಇರಲಿಲ್ಲ. ನಮ್ಮ ಹಾಳೆ ಏಳಕ್ಕೇ ಮುಗಿಯುತ್ತದೆ.

ಹನ್ನೆರಡಕ್ಕೂ ಏಳು.

ಹದಿಮೂರಕ್ಕೆ ಕೂದಲನ್ನು ಪರದೆಯಂತೆ ಇಳಿಬಿಟ್ಟು ಬಂದಳು.
ಓದುವ ಮೊದಲೇ ಕೇಳಿದಳು:
"ನಾನು ತಪ್ಪಿದಾಗ ನೀವು ಏನಂದುಕೊಳ್ಳುತ್ತೀರಿ?"
ಏನೂ ಅಂದುಕೊಳ್ಳುವುದಿಲ್ಲ ಎಂದೆ. ನಂಬಲಿಲ್ಲ.
ಹನ್ನೊಂದರವಳಿಗೆ ಹೊಳೆಯದ ಪ್ರಶ್ನೆ ಇದು.
ಇದಕ್ಕೆ ಬುದ್ಧಿ ಬಲಿಯಬೇಕು,
ಇನ್ನೊಬ್ಬರ ತಲೆಯೊಳಗೆ ಹೊಕ್ಕು
ಅಲ್ಲಿಂದ ತನ್ನನ್ನು ನೋಡಿಕೊಳ್ಳುವಷ್ಟು.
ಬೆಳೆದದ್ದೇ ಅದು. ಬೆಳೆದದ್ದೇ ಅವಳನ್ನು ಕಚ್ಚುತ್ತಿತ್ತು,
ಹೊಸ ಚಪ್ಪಲಿಯ ಹಾಗೆ.
ನಮ್ಮ ಹಾಳೆಯಲ್ಲಿ ಅದಕ್ಕೆ ಅಂಕವಿಲ್ಲ.
ಅಂಕವಿದ್ದದ್ದಕ್ಕೆ: ಐದು.

ಹದಿನಾಲ್ಕಕ್ಕೆ ತಾಯಿ ತಂದು ಬಿಟ್ಟುಹೋದಳು.
ರಾತ್ರಿ ಮೂರಕ್ಕೆ ಎಚ್ಚರ, ಬೆಳಿಗ್ಗೆ ಏಳಕ್ಕೆ ನಿದ್ದೆ,
ಗಣಿತದ ಮೇಷ್ಟರ ಚೀಟಿ: ಮನಸ್ಸಿಟ್ಟು ಕಲಿಯುವುದಿಲ್ಲ.
ಎಲ್ಲಿಡಬೇಕು ಮನಸ್ಸನ್ನು?
ಒಲೆಯ ಮೇಲಿಟ್ಟರೆ ಉಕ್ಕುತ್ತದೆ,
ನೆಲದ ಮೇಲಿಟ್ಟರೆ ಇರುವೆ.
ಓದಿದೆ: ಆರು, ಎರಡು, ಎಂಟು, ಐದು.
"ಐದು" ಎಂದಳು.
ಆಮೇಲೆ ಕಡಲಸಿಂಹ ಕೂಗಿತು.
ಆಮೇಲೆ ಒಲೆಯೊಳಗೆ ಕೊರಡು ಜಾರಿತು.
ಸುಮ್ಮನೆ ಕಾಯುವುದು ನಿಯಮ.
"ಉಳಿದವಕ್ಕೆ ಜಾಗವಿಲ್ಲ, ಸೆನ್ಯೋರಾ.
ಒಳಗೆ ಎಲ್ಲ ಕುರ್ಚಿಯಲ್ಲೂ ಒಂದೇ ಮಾತು ಕೂತಿದೆ."
ಯಾವ ಮಾತು ಎಂದು ಕೇಳುವ ಅಧಿಕಾರ
ಅಂಕಿ ಓದುವವಳಿಗಿಲ್ಲ.
ಕೇಳಿದೆ.

ಅದನ್ನಿಲ್ಲಿ ಬರೆಯುವುದಿಲ್ಲ.
ಪೆನ್ಸಿಲು ಕೆಳಗಿಟ್ಟು ಫೋನು ಮಾಡಿದೆ;
ಡಾಕ್ಟರ್ ಎದುವಿಗಿಸ್ ಅರ್ಧ ತಿಂದ ಬ್ರೆಡ್ಡು ಹಿಡಿದೇ
ಮೆಟ್ಟಿಲು ಹತ್ತಿ ಬಂದರು. ಬಾಗಿಲು ಹಾಕಿಕೊಂಡರು.
ನಾನು ಹೊರಗೆ ನಿಂತು ಹಾಳೆಯ ಮೇಲೆ ಬರೆದೆ:
ಪರೀಕ್ಷೆ ಅಪೂರ್ಣ.

ಶುಕ್ರವಾರದ ಸಭೆಗಳಲ್ಲಿ ಬಿಳಿಹಲಗೆಗೆ ಎರಡು ಚೌಕ ಬರೆದು
ನಡುವೆ ಬಾಣ ಎಳೆಯುತ್ತಾರೆ:
ನೆನಪು ಕುಂದಿದ್ದಕ್ಕೆ ಮನ ಕುಗ್ಗಿತೋ,
ಮನ ಕುಗ್ಗಿದ್ದಕ್ಕೆ ನೆನಪು ಕುಂದಿತೋ.
ಒಬ್ಬರು ಅಳಿಸಿ ತಿರುಗಿಸುತ್ತಾರೆ,
ಇನ್ನೊಬ್ಬರು ಎರಡೂ ತುದಿಗೆ ಮೊನೆ ಬರೆದು ಕಾಫಿಗೆ ಏಳುತ್ತಾರೆ.
ಪರದೆಯ ಮೇಲೆ ಮುನ್ನೂರ ಹನ್ನೆರಡು ಮಕ್ಕಳ ಗೆರೆ,
ಸಿಕ್ಕುಬಿದ್ದ ಬಲೆ. ಅದರಲ್ಲಿ ಅವಳದು ಯಾವುದೆಂದು
ಕಣ್ಣಲ್ಲೇ ಬಿಡಿಸುತ್ತೇನೆ.
ಸರಾಸರಿಯ ಗೆರೆಯೊಂದೇ ದಪ್ಪ, ನಯ.
ಅಂಥ ಮಗು ಯಾವತ್ತೂ ನನ್ನೆದುರು ಕೂತಿಲ್ಲ.

ಹದಿನೈದಕ್ಕೆ ಬರಲಿಲ್ಲ.

ಹದಿನಾರಕ್ಕೆ, ಮಳೆಯಲ್ಲಿ ತೊಯ್ದು, ಬಂದಳು.
ಕೂದಲು ತಾನೇ ಕತ್ತರಿಸಿಕೊಂಡದ್ದು, ಒಂದು ಕಡೆ ಗಿಡ್ಡ.
ಬೆಳಿಗ್ಗೆ ಮಾತ್ರೆ. ಬುಧವಾರ ಎದುವಿಗಿಸ್ ಜೊತೆ ಮಾತು.
ಭಾನುವಾರ ಅಜ್ಜನ ದೋಣಿಗೆ ಡಾಂಬರು ಬಳಿಯುವುದು;
ಉಗುರಲ್ಲಿ ಇನ್ನೂ ಕಪ್ಪಿತ್ತು.
ಒಳ್ಳೆಯ ದಿನಗಳೂ ಇವೆ ಎಂದಳು, "ಎಣಿಸಲು ಹೋಗುವುದಿಲ್ಲ."
ಐದು ಅಂಕಿ ತಿರುಗಿಸಿದಳು.
ಆರಕ್ಕೆ ಎಡವಿ ನಕ್ಕಳು.
"ಈಗ ನಿಮ್ಮ ಸರದಿ."

ನಿಯಮದಲ್ಲಿಲ್ಲ. ಹಾಳೆ ದಾಟಿಸಿದೆ.
ಅವಳು ಓದಿದಳು, ಸೆಕೆಂಡಿಗೊಂದು, ನನ್ನದೇ ಸಪ್ಪೆ ದನಿಯಲ್ಲಿ.
ಕೊನೆಯ ಮೂರು ಸಿಕ್ಕವು. ಉಳಿದದ್ದು
ಅವಳ ಉಗುರನ್ನು ನೋಡುತ್ತ ಹೋಯಿತು.
ಪೆನ್ಸಿಲು ಎತ್ತಿಕೊಂಡು ಏನೋ ಗೀಚಿ,
"ನಾನು ಏನೂ ಅಂದುಕೊಳ್ಳುವುದಿಲ್ಲ" ಎಂದಳು.

ನಾನೂ ನಂಬಲಿಲ್ಲ.