ಟವೆಲ್ಲಿನ ಕೆಳಗೆ

ಗೋಪಾಳದ ಕೊನೇ ಕ್ರಾಸು, ಮೂವತ್ತು ನಲವತ್ತರ ಸೈಟು.
ಗೇಟಿನ ಹಸಿರು ಪೇಂಟು ಇನ್ನೂ ಕೈಗಂಟುತ್ತಿತ್ತು.
ಮಾರೋಕೆ ಹಚ್ಚಿದ ಬಣ್ಣ, ಅಂದ ಹಾಲೇಶ ಮೆಲ್ಲಗೆ,
ಒಳಗೇನೋ ಮುಚ್ಚಿರ್ತಾರೆ.

ಹೇಳಿದ್ದು ನಲವತ್ತೆಂಟು.
ಹೇಳೋದು ಅವರ ಬಾಯಿ, ಕೇಳೋದು ನಿಮ್ಮ ಬಾಯಿ,
ನಾಚಿಕೋಬೇಡಿ ಅಕ್ಕಾ, ಎಂದಿದ್ದ ಬ್ರೋಕರ್ ಸಮೀವುಲ್ಲಾ.

ನನಗೆ ನಾಚಿಕೆಯೇ? ದನದ ದಲ್ಲಾಳಿಯ ಮಗಳು ನಾನು.
ಸಂತೆಯಲ್ಲಿ ಅಪ್ಪನ ಟವೆಲ್ಲಿನ ಕೆಳಗೆ
ಬೆರಳು ಬೆರಳು ಹಿಡಿದು ವ್ಯಾಪಾರ ಕುದುರುವುದನ್ನು ಕಂಡವಳು.
ಮೇಲೆ ಮುಖಗಳು ಮಳೆ ಬೆಳೆ ಮಾತಾಡುತ್ತಿದ್ದವು,
ಕೆಳಗೆ ಇಡೀ ಬೆರಳು ನೂರು, ಅರ್ಧ ಬೆರಳು ಐವತ್ತು.
ಅಪ್ಪ ಕಲಿಸಿದ್ದು ಒಂದೇ ಪಾಠ:
ಎತ್ತಿನ ಹಲ್ಲು ನೋಡುವಾಗ
ಕಣ್ಣು ನೋಡಬೇಡ.

ಹಲ್ಲು ನೋಡಿದೆ.
ಸಜ್ಜದ ಕೆಳಗೆ ಕೂದಲೆಳೆಯ ಬಿರುಕು.
ಬಚ್ಚಲ ಗೋಡೆಗೆ ತೇವ, ಬೆರಳಿಟ್ಟರೆ ಸುಣ್ಣ ಉದುರಿತು.
ತುಂಗೆಯ ನೀರು ನಲ್ಲಿಗೆ ದಿನ ಬಿಟ್ಟು ದಿನ.
ಬಾಗಿಲು ಪಡುವಣಕ್ಕೆ. ಪಕ್ಕದಲ್ಲೇ ಹಿಟ್ಟಿನ ಗಿರಣಿ,
ಅದು ತಿರುಗಿದಷ್ಟು ಹೊತ್ತೂ ಗೋಡೆ ಗುಂಯ್ ಅನ್ನುತ್ತದೆ.
ಒಂದೊಂದಕ್ಕೂ ಮನಸ್ಸಿನಲ್ಲೇ ಒಂದೊಂದು ಲಕ್ಷ ಕಳೆಯುತ್ತಾ
ಮುಖ ಸಿಂಡರಿಸಿಕೊಂಡು ಬಂದವಳಿಗೆ

ಅಡುಗೆಮನೆಯ ಕಿಟಕಿ.
ಅದರ ಕಟ್ಟೆ ಸರಿಯಾಗಿ ನನ್ನ ಮೊಣಕೈ ಎತ್ತರ.
ಹದಿನಾರು ವರ್ಷ, ಐದು ಬಾಡಿಗೆ ಮನೆ,
ಒಂದು ಕಟ್ಟೆಯೂ ನನ್ನ ಅಳತೆಗೆ ಕಟ್ಟಿದ್ದಲ್ಲ.
ಮೊಣಕೈ ಊರಿ ನಿಂತುಬಿಟ್ಟೆ, ಎಷ್ಟು ಹೊತ್ತೋ.
ಹಿಂದೆ ಯಾರೋ ಕಾಫಿ ಲೋಟ ಕೆಳಗಿಟ್ಟ ಸದ್ದು.
ಅಪ್ಪಾ, ಕಣ್ಣು ನೋಡಿಬಿಟ್ಟೆ.

ಹೆದರಿಕೆಗೇ ಇರಬೇಕು, ಹಾಲಿಗೆ ಬಂದು
ನಲವತ್ತೊಂದು, ಎಂದೆ.
ಹಾಲೇಶ ಬೆಚ್ಚಿದ. ನಾವು ಮಾತಾಡಿಕೊಂಡದ್ದು ನಲವತ್ತನಾಲ್ಕು.
ತೀರ್ಥಪ್ಪನವರು ಈಗ ಎದ್ದು ಹೋಗುತ್ತಾರೆ,
ಮರಳು ಸಿಮೆಂಟಿನ ರೇಟು ಒದರುತ್ತಾರೆ,
ಗೇಟಿನ ತನಕ ಬಿಟ್ಟು ಕೂಗಿ ಕರೆಯುತ್ತಾರೆ.
ಕಾದೆ.
ಅವರು ಹೆಂಡತಿಯ ಮುಖ ನೋಡಿದರು.
ಆಯ್ತು, ಅಂದರು.
ಸಮೀವುಲ್ಲಾನ ಲೋಟ ತುಟಿಯ ಹತ್ತಿರವೇ ನಿಂತಿತು.

ಆ ರಾತ್ರಿ ನಿದ್ದೆಯಿಲ್ಲ.
ಮೂವತ್ತೆಂಟಕ್ಕೇ ಬರುತ್ತಿತ್ತೇನೋ.
ಇಲ್ಲಾ ನನಗೆ ಕಾಣದ ರೋಗ ಏನಿದೆ ಆ ಮನೆಗೆ?
ಏಳು ಲಕ್ಷ ಚೆಲ್ಲಿ, ಬಗ್ಗಿಯೂ ನೋಡದವರು
ಯಾವ ಅವಸರದಲ್ಲಿದ್ದಾರೆ?
ಒಪ್ಪದಿದ್ದರೆ ಸಂಕಟ ಅಂತ ಗೊತ್ತಿತ್ತು.
ಒಪ್ಪಿದರೂ ಹೀಗೆ ಅಂತ ಅಪ್ಪ ಹೇಳಿರಲಿಲ್ಲ.

ಗುರುವಾರ ಟೋಕನ್.
ವೀಳ್ಯದೆಲೆ ಮೇಲೆ ಐವತ್ತೊಂದು ಸಾವಿರ,
ತಟ್ಟೆಯ ಮೇಲೊಂದು ಕರವಸ್ತ್ರ.
ನಾಗವೇಣಮ್ಮ ಎದ್ದು ಬಂದರು, ಕೊಸರು ಹಾಕುವವರ ಹಾಗೆ
ಮೋಟರ್ ಎಂಟೇ ನಿಮಿಷಕ್ಕೆ ಆರಿಸಿ, ಅಂದರು,
ಟ್ಯಾಂಕು ತುಂಬಿದ್ದು ಗೊತ್ತೇ ಆಗಲ್ಲ.
ಆಗ ಗಮನಿಸಿದೆ,
ಸರಿಯಾಗಿ ನನ್ನಷ್ಟೇ ಎತ್ತರ ಅವರು.

ತಟ್ಟೆ ಕೈ ಬದಲಾಗುವಾಗ
ಬಟ್ಟೆಯ ಕೆಳಗೆ ಅವರ ಬೆರಳು
ನನ್ನ ಬೆರಳನ್ನು ಒಮ್ಮೆ ಒತ್ತಿ ಬಿಟ್ಟಿತು.
ಇಡೀ ಬೆರಳೋ, ಅರ್ಧವೋ.
ಎಷ್ಟು ಹೇಳಿದರು ಅಂತ ಲೆಕ್ಕ ಸಿಗಲಿಲ್ಲ.