ಮಹಾಪ್ರಾಣ

ಚಾಮರಾಜಪೇಟೆ, ಐದನೇ ಮೇನ್, ಪ್ರೆಸ್ಸಿನ ಹಿಂಗಿಟಕಿ.
ಗಾದೆಗಳ ಪುಸ್ತಕ, ಎರಡನೇ ಕರಡು, ನೂರ ಹನ್ನೆರಡನೇ ಪುಟ:
ನವಿಲು ಕುಣಿಯಿತೆಂದು ಕೆಂಭೂತ ಪುಕ್ಕ ತರಿದುಕೊಂಡಿತಂತೆ.
ಭ. ಕಾಲಡಿ ಗೀಟಿರುವ ಭ.
ನನ್ನ ಕೆಂಪು ಪೆನ್ನು ಅಲ್ಲೇ ನಿಂತಿತು.

ಗೀಟಿದ್ದರೆ ದೆವ್ವ.
ತೆಗೆದರೆ?
ಕೆಂಪು ಸರಿ, ರೆಕ್ಕೆ ನೋಡಿದರೆ ತಿಳಿಯುತ್ತೆ.
ಈ ಬೂತ ಯಾರು?

ನಮ್ಮಜ್ಜಿ ಈ ಗಾದೆಯನ್ನು ನನಗೆಂದೇ ಎತ್ತಿಟ್ಟಿದ್ದಳು.
ಸ್ಕೂಲ್ ಡೇ ಡ್ಯಾನ್ಸಿಗೆ ಹೆಸರು ಕೊಟ್ಟು ಬಂದ ಸಂಜೆ
ಹುರುಳಿಕಾಯಿ ನಾರು ಬಿಡಿಸುತ್ತಾ, ತಲೆಯೆತ್ತದೆ, ಅಂದಳು.
ಮಾರನೇ ದಿನ ಹೆಸರು ವಾಪಸು ತಗೊಂಡೆ.
ಹಕ್ಕಿಯನ್ನು ಕಂಡಿದ್ದು ಇಪ್ಪತ್ತು ವರ್ಷದ ಮೇಲೆ,
ಈ ಕಿಟಕಿಯಲ್ಲೇ.

ಪಕ್ಕದ ಖಾಲಿ ಸೈಟು, ಅಣ್ಣತಮ್ಮಂದಿರ ಕೇಸು.
ಲಂಟಾನ, ಔಡಲ, ಒಡೆದ ಕಮೋಡು.
ನಡುವೆ ಇಟ್ಟಿಗೆ ಬಣ್ಣದ ಶಾಲು ಹೊದ್ದು
ರಜಾ ಸಿಗದ ಗುಮಾಸ್ತನ ಹಾಗೆ ಓಡಾಡುತ್ತೆ ಅದು.

ಬೈಂಡಿಂಗಿನ ಆರೋಗ್ಯಮೇರಿ, ಅಂಟುಗೈ ಒರೆಸದೆ,
"ಸೆಂಬೋತ್ತು" ಅಂದಳು. "ದೆವ್ವ ಗಿವ್ವ ಏನಿಲ್ಲಕ್ಕಾ, ಹಕ್ಕಿ."
ಎದುರಂಗಡಿಯ ದರ್ಜಿ ಜಾಧವ್ ರಾಯರು
ಕತ್ತರಿ ಕೆಳಗಿಟ್ಟು ಕೈ ಮುಗಿದರು: ಭಾರದ್ವಾಜ.
ಬೆಳಗ್ಗೆ ಕಣ್ಣಿಗೆ ಬಿದ್ದರೆ ಮಧ್ಯಾಹ್ನ ಸಿಹಿಯೂಟವಂತೆ.
ಈ ಬದಿಗೆ ದೆವ್ವ, ಆ ಬದಿಗೆ ಋಷಿ.
ದಾಟಲು ಹತ್ತು ಹೆಜ್ಜೆ, ಆಟೋದವರು ಬಿಟ್ಟರೆ.

ಪುತ್ತೂರು ಕಡೆಯ ಡಿಟಿಪಿ ಹುಡುಗ ಕುಪ್ಪುಳು ಅಂತ ನಕ್ಕ.
"ತನ್ನ ಹೆಸರು ತಾನೇ ಹೇಳ್ತದಲ್ಲ ಮೇಡಂ, ಕೇಳಿ."
ಕೇಳಿದೆ. ಊಪ್ ಊಪ್ ಊಪ್
ಖಾಲಿ ಹಂಡೆಯನ್ನು ಯಾರೋ ಒಳಗಿನಿಂದ ಗುದ್ದಿದ ಹಾಗೆ.
ಅದರಲ್ಲಿ ಕೆಂಪೂ ಇಲ್ಲ, ಬೂತವೂ ಇಲ್ಲ.

ಇಂಗ್ಲಿಷಿನ ಕೂಕಲ್ ಕೂಡ ಹುಟ್ಟಾ ಇಂಗ್ಲಿಷಲ್ಲವಂತೆ,
ಯಾರೋ ಫ್ರೆಂಚಿನವನು ಕೋಗಿಲೆಯ ತಲೆಗೆ
ನೆಲಗುಬ್ಬಿಯ ಉಗುರು ಹೊಲಿದದ್ದು.
ಜಾಧವ್ ರಾಯರಿಗೆ ಹೇಳಿದೆ. ಹೊಲಿಗೆ ಕಾಣುತ್ತೆ ಅಂದರು.

ಮೂರು ನಿಘಂಟು ತೆಗೆದೆ.
ಒಂದರಲ್ಲಿ ಗೀಟುಂಟು, ಒಂದರಲ್ಲಿಲ್ಲ,
ಮೂರನೆಯದರಲ್ಲಿ ಗೆದ್ದಲು ನನಗಿಂತ ಮೊದಲು ಓದಿದೆ.
ಲೇಖಕರಿಗೆ ಫೋನು ಮಾಡಿದರೆ
"ಇರಲಿ ಬಿಡಮ್ಮ, ಗಾದೆ ತಾನೇ."

ಮಳೆ ನಿಂತ ನಾಲ್ಕೂವರೆಯ ಬಿಸಿಲು.
'ಈ ಸ್ವತ್ತು ವ್ಯಾಜ್ಯದಲ್ಲಿದೆ' ಬೋರ್ಡು ಹತ್ತಿ
ಎರಡೂ ರೆಕ್ಕೆ ಹರವಿತು.
ಪುಕ್ಕ ತರಿದುಕೊಳ್ಳಲಿಲ್ಲ, ಕುಣಿಯಲಿಲ್ಲ,
ಒಗೆದ ಸೀರೆಯ ಹಾಗೆ ಒಣಗಿಸಿಕೊಂಡಿತು.
ಅಜ್ಜಿಯೂ ಇದನ್ನು ನೋಡಿರಲಿಲ್ಲ ಅನಿಸುತ್ತೆ.

"ಮಹಾಪ್ರಾಣ ತೆಗೆಯಿರಿ" ಎಂದು ಅಂಚಿನಲ್ಲಿ ಬರೆದು
ತಲೆಯೆತ್ತಿದೆ. ನೋಡುತ್ತಿತ್ತು.
ಕಣ್ಣು ನನ್ನ ಪೆನ್ನಿಗಿಂತ ಕೆಂಪು.