ಹದಿನೆಂಟನೆಯ ಕಾಳು

ತೂಕದ ಮೋಸ ಹಿಡಿಯುವುದು ನನ್ನ ಕೆಲಸ,
ಇಪ್ಪತ್ತೆರಡು ವರ್ಷದಿಂದ. ರಾಣೆಬೆನ್ನೂರಿನ ಹತ್ತಿ,
ಬ್ಯಾಡಗಿಯ ಮೆಣಸಿನಕಾಯಿ, ಈಗ ಗೋಣಿಕೊಪ್ಪದ
ಕರಿಮೆಣಸು. ತಟ್ಟೆಯಡಿಗೆ ಅಂಟಿಸಿದ ಅಯಸ್ಕಾಂತ,
ಕೊರೆದು ಮೇಣ ತುಂಬಿದ ತೂಕದ ಬಟ್ಟು,
ಎಲ್ಲ ನೋಡಿದ್ದೇನೆ. ದೇವರನ್ನೂ ಒಮ್ಮೆ
ಕಾಟಾದ ಮೇಲೆ ಕೂರಿಸಿ ನೋಡಬೇಕು ಎಂದದ್ದು
ಊಟದ ಹೊತ್ತಿನ ತಮಾಷೆ.

ಜೀಪಿನ ಮೊಯ್ದು ನಗಲಿಲ್ಲ.
"ಇವತ್ತು ರಾತ್ರಿ ತೋಲ ಕಣಿ ಹೇಳ್ತಾನೆ. ಬರ್ತೀರಾ ಸಾರ್?"

ತಿತಿಮತಿ ದಾಟಿದ ಮೇಲೆ, ಆನೆಯಿದೆಯೆಂದು,
ಇಪ್ಪತ್ತು ನಿಮಿಷ ದೀಪ ಆರಿಸಿ ನಿಂತೆವು.
ಕಾಣಲಿಲ್ಲ. ಬಿದಿರು ಮುರಿಯುವ ಸದ್ದಷ್ಟೇ.
"ಕಾಣದ್ದಕ್ಕೆ ಹೆದರಿ ನಿಂತಿದ್ದೀರಲ್ಲ," ಎಂದ ಪಿಸುದನಿಯಲ್ಲಿ.
ಸದ್ದು ಸಾಕ್ಷ್ಯ, ಎಂದೆ ನಾನು.

ಲೈನ್ ಮನೆಗಳ ಹಿಂದೆ, ಪಲ್ಪರ್ ಶೆಡ್ಡಿನ ಬಳಿ
ಎರವರು ಕೂತಿದ್ದರು. ದುಡಿ, ಚೀನಿ,
ಕಾಫಿ ಸಿಪ್ಪೆ ಕೊಳೆತ ಹುಳಿವಾಸನೆ.
ನನಗೆ ಕುರ್ಚಿಯೆಂದು ಬಕೆಟ್ಟು ಮಗುಚಿಟ್ಟರು.
ತೋಲನ ಮೈಮೇಲೆ ಬಂದಾಗ ಒಂಬತ್ತು ನಲವತ್ತು.
ನಡುಕ ಮೊದಲು ಎಡಮೊಣಕಾಲಿಗೆ.
ಕಣ್ಣು ಪೂರ್ತಿ ಮುಚ್ಚಿರಲಿಲ್ಲ;
ಕಾಲಿಗೆ ಕೋಳಿ ಅಡ್ಡ ಬಂದಾಗ
ದೈವ ಪಕ್ಕಕ್ಕೆ ಸರಿದು ದಾಟಿತು.
ಕೆಮ್ಮುವ ಮುದುಕನಿಗೆ "ನಿನಗೆ ಎದೆನೋವು" ಎಂದಿತು.
ಅದು ನನಗೂ ಗೊತ್ತಿತ್ತು.

ಆಮೇಲೆ ಕೆಂಬಿ ಎದ್ದಳು.
ಯಾರೋ ದೊಡ್ಡ ಮೈಯವರು ಕೊಟ್ಟ ಹಳೆ ಸ್ವೆಟರು.
ಗಂಡ ಬೊಳ್ಕ ಶುಂಠಿ ಕೆಲಸಕ್ಕೆಂದು
ಕುಟ್ಟದ ಗಡಿ ದಾಟಿ ಎರಡು ಮಳೆ ಕಳೆಯಿತು.
ಕರೆದೊಯ್ದ ಮೇಸ್ತ್ರಿಯ ಫೋನು ಈಗ
ಯಾವುದೋ ಅಂಗಡಿಯಲ್ಲಿ ಬಡಿದುಕೊಳ್ಳುತ್ತದಂತೆ.
ಇದ್ದಾನೋ ಇಲ್ಲವೋ. ಅಷ್ಟು ಹೇಳು, ಸಾಕು.

ಮೊರದಿಂದ ಒಂದು ಚಿಟಿಕೆ ಅಕ್ಕಿ, ಬಾಳೆಲೆಯ ಮೇಲೆ.
ಜೋಡಿ ಬಂದರೆ ಇದ್ದಾನೆ, ಒಂಟಿ ಉಳಿದರೆ ಇಲ್ಲ,
ಮೊಯ್ದು ಕಿವಿಯಲ್ಲಿ ಹೇಳಿದ. ದುಡಿ ನಿಂತಿತು.
ತೋಲ ಎರಡೆರಡಾಗಿ ಸರಿಸಿದ.
ನಾನೂ ಎಣಿಸಿದೆ, ಚಟ.
ಎಂಟು ಜೋಡಿ. ಒಂದು ಕಾಳು.
ಹದಿನೇಳು.

ಅವನ ಹೆಬ್ಬೆರಳು ಮೊರದ ಅಂಚು ಸವರಿ ಬಂತು.
ಬೆವರಿಗೆ ಅಂಟಿದ ಇನ್ನೊಂದು ಕಾಳು
ಒಂಟಿಯ ಪಕ್ಕ ಕೂತಿತು.
"ಇದ್ದಾನೆ," ಎಂದಿತು ದೈವ.

ಆಮೇಲೆ ಅವನು ನನ್ನತ್ತ ನೋಡಿದ. ಅಥವಾ ಅದು.
ಸಂತೆಯಲ್ಲಿ ಸಿಕ್ಕಿಬಿದ್ದವರು ನೋಡುವ ಹಾಗಲ್ಲ,
ಅವರು ಮೊದಲು ಜೇಬು ಮುಟ್ಟಿಕೊಳ್ಳುತ್ತಾರೆ.
ಇವನು ಸುಮ್ಮನೆ ಕಾದ,
ನಿನ್ನ ಲೆಕ್ಕದಲ್ಲಿ ಎಷ್ಟು ಬಂತು
ಎಂದು ಕೇಳುವವನ ಹಾಗೆ.

ನನ್ನ ಚೀಲದಲ್ಲಿ ಸರ್ಕಾರದ ಸೀಲಿತ್ತು,
ಸೀಸದ ಬಿಲ್ಲೆಗಳಿದ್ದವು, ದಂಡದ ರಸೀದಿ ಪುಸ್ತಕ.
ಕೆಂಬಿ ಕೂತಲ್ಲೇ ಸ್ವೆಟರಿನ ಗುಂಡಿ
ಒಂದೊಂದಾಗಿ ಹಾಕಿಕೊಳ್ಳುತ್ತಿದ್ದಳು,
ಚಳಿ ಈಗಷ್ಟೇ ತಿಳಿದವಳಂತೆ.
ನಾನು ಕೆಮ್ಮಿದೆ. ಬಕೆಟ್ಟು ಕಿರುಗುಟ್ಟಿತು.
ನನ್ನ ಹೇಳಿಕೆ ಅಷ್ಟೇ.

"ತೂಕ ಸರಿ ಇತ್ತಾ ಸಾರ್?" ಎಂದ ಮೊಯ್ದು, ದಾರಿಯಲ್ಲಿ.
"ಕತ್ತಲಿತ್ತು," ಎಂದೆ.
ಬಿದಿರಿನ ತಿರುವು ಬಂತು. ಏನೂ ಸದ್ದಿರಲಿಲ್ಲ,
ಎಲೆಯದೂ ಇಲ್ಲ.
ಸ್ವಲ್ಪ ನಿಲ್ಲಿಸು, ದೀಪ ಆರಿಸು
ಎಂದವನು ನಾನೇ.